ಕೊನೆಯ ಬಸ್ಸಿಗೆ ಮುಂಚೆ ಮುಗಿಯಬೇಕಾದ ಸಂಶೋಧನೆ

ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಮುಂದಿನ ಎರಡು ಸಾಲು ಖಾಲಿ ಬಿಟ್ಟು ಹಿಂದೆ ಒತ್ತಾಗಿ ಕುಳಿತಿರುವ ವಿದ್ಯಾರ್ಥಿಗಳೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ಉಪನ್ಯಾಸದ ವಿಷಯವನ್ನು 'ಸಂಶೋಧನಾ ಯೋಜನೆಗಳು ಹಾಗೂ ವಿದ್ಯಾರ್ಥಿ ಬೆಂಬಲ ಸೇವೆಗಳು' ಎಂದು ಅಚ್ಚು ಹಾಕಿಸಿದ್ದೀರಿ. ಆ 'ಹಾಗೂ' ಎಂಬ ಪದದ ಮೇಲೆ ನನಗೊಂದು ತಕರಾರಿದೆ. ನಾನು ವಿಶ್ವವಿದ್ಯಾಲಯದ ಘಟಕ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಎಂದಾಗಲೆಲ್ಲ ಕಡತ ಹೊಂದಿಸಿದ್ದೇನೆ. ಆಗಿನ ಅದರ ಏಳು ಮಾನದಂಡಗಳಲ್ಲಿ ಮೂರನೆಯದು ಸಂಶೋಧನೆ, ಐದನೆಯದು ವಿದ್ಯಾರ್ಥಿ ಬೆಂಬಲ. ನಡುವಿನ ನಾಲ್ಕನೆಯದು ಮೂಲಸೌಕರ್ಯ, ಅಂದರೆ ಕಟ್ಟಡ. ಹೀಗೆ ಸಂಶೋಧನೆಗೂ ವಿದ್ಯಾರ್ಥಿಗೂ ನಡುವೆ ಒಂದು ಗೋಡೆ ಕಡತದಲ್ಲೇ ಎದ್ದು ನಿಂತಿದೆ. ಈ ಕಡೆಯ ಸಮಿತಿಯವರು ಆ ಕಡೆಯವರನ್ನು ನೋಡುವುದು ಗುಂಪು ಫೋಟೊ ತೆಗೆಸುವ ದಿನ ಮಾತ್ರ.

ನಾನು ಹೇಳಲು ಬಂದಿರುವುದು ಆ ಗೋಡೆಯ ವಿಚಾರ. ಒಂದು ಬಾಟಲಿ ನೀರಿನಿಂದ ಶುರುಮಾಡುತ್ತೇನೆ.

ನಮ್ಮ ಕಾಲೇಜು ಇದ್ದದ್ದು ಕೋಲಾರ, ಚಿಕ್ಕಬಳ್ಳಾಪುರದ ಕಡೆ. ಅಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಹೊಸ ಸುದ್ದಿಯಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳು ಅದನ್ನು ಯಾವ ವರದಿಗಿಂತಲೂ ಮುಂಚೆ ಹೇಳಿವೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಪದವಿ ವಿದ್ಯಾರ್ಥಿಗಳಿಗೆ ನಾನು ಕೊಟ್ಟ ಯೋಜನೆ ಸರಳ: ಊರಿಗೆ ಹೋದಾಗ ಒಂದು ಬಾಟಲಿ ನೀರು ತನ್ನಿ, ಅಳೆಯೋಣ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಡನೆ ಜಗಳವಾಡುತ್ತದೆ. ಪ್ಲಾಸ್ಟಿಕ್ ಆಗಲಿ, ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿ. ಮೇಲೆ ಚೀಟಿ ಅಂಟಿಸಿ: ಊರು, ದಿನಾಂಕ, ಬಾವಿಯ ಆಳ. ಆಳ ಗೊತ್ತಿಲ್ಲ ಸಾರ್ ಎಂದರು. ನೀರಗಂಟಿಯನ್ನು ಕೇಳಿ ಎಂದೆ. ನನ್ನ ಅನುಭವದಲ್ಲಿ ಹಳ್ಳಿಯ ನೀರಗಂಟಿಗೆ ಗೊತ್ತಿರುವಷ್ಟು ಅಂತರ್ಜಲ ನನಗೆ ಗೊತ್ತಿಲ್ಲ.

ಈ ಅಳತೆಯ ವಿಧಾನದಲ್ಲಿ ಒಂದು ತಿರುವು ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಿರ್ಕೋನಿಯಂ ಮತ್ತು ಬಣ್ಣವೊಂದನ್ನು ಬೆರೆಸಿದ ಕೆಂಪು ದ್ರಾವಣವನ್ನು ನೀರಿಗೆ ಹಾಕುತ್ತೇವೆ. ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಮ್ಮನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ, ಕೆಂಪು ಮಾಸುತ್ತದೆ. ಅಂದರೆ ವಿಷ ಹೆಚ್ಚಿದಷ್ಟೂ ಬಣ್ಣ ತಿಳಿ. ಮಕ್ಕಳಿಗೆ ಇದು ತಲೆಕೆಳಗಾಗಿ ಕಾಣುತ್ತದೆ, ಗಾಢ ಬಣ್ಣ ಬಂದರೆ ಅಪಾಯ ಎಂದೇ ಅವರ ಲೆಕ್ಕ. ಒಬ್ಬಳು ವಿದ್ಯಾರ್ಥಿನಿ ತನ್ನೂರಿನ ಶಾಲೆಯ ಕೊಳವೆಬಾವಿಯ ನೀರು ತಂದಿದ್ದಳು. ದ್ರಾವಣ ಎಷ್ಟು ತಿಳಿಯಾಯಿತೆಂದರೆ, ತಾನು ಬಣ್ಣ ಹಾಕುವುದನ್ನೇ ಮರೆತೆ ಎಂದುಕೊಂಡು ಚೆಲ್ಲಿ, ಪಿಪೆಟ್ ತೊಳೆದು ಮತ್ತೆ ಮಾಡಿದಳು. ಮತ್ತೂ ಅಷ್ಟೇ ತಿಳಿ. ಫ್ಲೋರೈಡ್ ಎಷ್ಟಿದೆಯೆಂದು ಮೊದಲೇ ಗೊತ್ತಿದ್ದ ದ್ರಾವಣಗಳಿಂದ ನಾವು ಎಳೆದಿದ್ದ ನಕ್ಷೆಯ ಗೆರೆ 1.4 ಮಿಲಿಗ್ರಾಂವರೆಗೆ ಮಾತ್ರ ನೇರ ಇತ್ತು, ಅವಳ ನೀರು ಗೆರೆಯನ್ನೇ ದಾಟಿ ಆಚೆ ಬಿದ್ದಿತ್ತು. ಸಮಪ್ರಮಾಣದ ಬಟ್ಟಿ ನೀರು ಬೆರೆಸಿ ಅಳೆದು ಎರಡರಿಂದ ಗುಣಿಸು ಎಂದೆ. ಗುಣಿಸಿ ಬಂದ ಅಂಕಿಯನ್ನು ಅವಳು ನನಗೆ ಬಾಯಲ್ಲಿ ಹೇಳಲಿಲ್ಲ, ಪುಸ್ತಕ ತಿರುಗಿಸಿ ತೋರಿಸಿದಳು. ಅವಳ ತಮ್ಮ ಅದೇ ಶಾಲೆಯಲ್ಲಿ ಓದುತ್ತಿದ್ದ.

ಆಮೇಲೆ ಎರಡು ವಾರ ಹುಡುಗಿ ಕಾಲೇಜಿಗೆ ಬರಲೇ ಇಲ್ಲ.

ವಿಚಾರಿಸಿದರೆ ಟೊಮೆಟೊ ಬಿಡಿಸಲು ದಿನಗೂಲಿಗೆ ಹೋಗುತ್ತಿದ್ದಾಳೆ ಎಂದು ತಿಳಿಯಿತು. ಕೋಲಾರದ ಮಂಡಿಗೆ ಹಣ್ಣು ಹೋಗುವ ಕಾಲವದು. ವಿದ್ಯಾರ್ಥಿವೇತನ ಬಂದಿರಲಿಲ್ಲ. ಪೋರ್ಟಲ್ ನೋಡಿದರೆ 'ಹಣ ಪಾವತಿಯಾಗಿದೆ' ಎಂಬ ಹಸಿರು ಅಕ್ಷರ, ಅವಳ ಪಾಸ್‌ಬುಕ್ಕಿನಲ್ಲಿ ಸೊನ್ನೆ. ಎರಡೂ ಸುಳ್ಳಲ್ಲ. ಈ ಒಗಟನ್ನು ಬಿಡಿಸಿದವರು ನಮ್ಮ ಸಂಶೋಧನಾ ಸಮಿತಿಯ ಯಾವ ಡಾಕ್ಟರೇಟ್ ಪದವೀಧರರೂ ಅಲ್ಲ, ಕಚೇರಿಯ ದ್ವಿತೀಯ ದರ್ಜೆ ಸಹಾಯಕರು. ನೇರ ವರ್ಗಾವಣೆಯ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗಬೇಕೆಂದೇನಿಲ್ಲ. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಅವರು ಜೋಡಣೆಯ ಸ್ಥಿತಿ ತೆಗೆದು ನೋಡಿದರು, ಬೇರೊಂದು ಬ್ಯಾಂಕಿನ ಹೆಸರು ಬಂತು. ಏಳನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ತೆರೆಸಿದ್ದ ಶೂನ್ಯ ಶಿಲ್ಕಿನ ಖಾತೆ ಅದು. ಪುಸ್ತಕ ಎಲ್ಲಿದೆಯೆಂದು ಮನೆಯವರಿಗೂ ನೆನಪಿಲ್ಲ. ಹಣ ಅಲ್ಲಿ ತಣ್ಣಗೆ ಮಲಗಿತ್ತು.

ಊಹೆ, ಪರೀಕ್ಷೆ, ಪುರಾವೆ: ಆ ಗುಮಾಸ್ತರು ಮಾಡಿದ್ದು ಇದನ್ನೇ. ನಾನು ತರಗತಿಯಲ್ಲಿ ಮೂವತ್ತು ವರ್ಷ ಹೇಳಿಕೊಟ್ಟಿದ್ದೂ ಇದನ್ನೇ. ಆ ವರ್ಷ ನನ್ನ ಯೋಜನೆಯ ವರದಿಯ ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಮೊದಲು ಹಾಕಿಸಿದೆ. ಕೆಲವರಿಗೆ ಅದು ಸರಿ ಕಾಣಲಿಲ್ಲ, ಇರಲಿ.

ಓದಿಗೆ ಅನ್ನದ ಚಿಂತೆ ಅಡ್ಡ ಬರುವುದು ಹೊಸ ಕಥೆ ಎಂದು ಮಾತ್ರ ತಿಳಿಯಬೇಡಿ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಕಂಬಗಳಾದವು. ಆ ತರಗತಿಗಳಲ್ಲಿ ಕುಳಿತ ಎಷ್ಟೋ ಹುಡುಗರು ವಾರಾನ್ನದಲ್ಲಿ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ವಾರದಲ್ಲಿ ಒಂದು ಮನೆ ತಪ್ಪಿದರೆ ಆ ದಿನ ನೀರು ಕುಡಿದು ಗ್ರಂಥಾಲಯ. ವಾರಾನ್ನವನ್ನು ಈಗ ಬಹಳ ಸುಂದರವಾಗಿ ನೆನೆಸಿಕೊಳ್ಳುವವರಿದ್ದಾರೆ. ಅದು ಎಲ್ಲ ಜಾತಿಯವರಿಗೂ ಬಾಗಿಲು ತೆರೆಯುತ್ತಿರಲಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ. ಆ ಬಾಗಿಲು ಅಗಲವಾದದ್ದು ವಿದ್ಯಾರ್ಥಿನಿಲಯಗಳಿಂದ. ಮೈಸೂರಿನಲ್ಲಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರ ಅನಾಥಾಲಯ, ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಉಚಿತ ವಿದ್ಯಾರ್ಥಿನಿಲಯ, ಧಾರವಾಡದ ಮುರುಘಾಮಠದ ಪ್ರಸಾದನಿಲಯ, ತುಮಕೂರಿನ ಸಿದ್ಧಗಂಗೆಯ ದಾಸೋಹ, ಮುಂದೆ ಸರ್ಕಾರದ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಹಾಸ್ಟೆಲುಗಳು. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಎಂಬ ಲೆಕ್ಕ ಬಂದದ್ದು ಈ ಸಾಲಿನ ಕೊನೆಯಲ್ಲಿ.

ನಮ್ಮ ಸೀಮೆಯವರೇ ಆದ ಎಚ್. ನರಸಿಂಹಯ್ಯನವರನ್ನು ನೋಡಿ. ಗೌರಿಬಿದನೂರಿನ ಹೊಸೂರಿನ ಬಡ ಮನೆಯ ಹುಡುಗ, ಓದಬೇಕೆಂದು ಬೆಂಗಳೂರಿಗೆ ನಡೆದೇ ಹೋದವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಅಮೆರಿಕದ ಓಹಾಯೊದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇಷ್ಟೆಲ್ಲ ಆದ ಮೇಲೂ ಅವರ ವಾಸ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ. ಜನ ಇದನ್ನು ಸರಳತೆ ಎಂದು ಹೊಗಳುತ್ತಾರೆ. ನನಗೆ ಅದರಲ್ಲಿ ಬೇರೊಂದು ಕಾಣುತ್ತದೆ. ಹಾಸ್ಟೆಲಿನಲ್ಲಿ ಮಲಗುವ ಮೇಷ್ಟ್ರಿಗೆ ಯಾರು ಊಟ ಬಿಟ್ಟರು, ಯಾರ ಮನೆಯಿಂದ ಕಾಗದ ಬಂತು ಎಂಬುದು ಸಮಿತಿ ಸೇರಿಸದೆಯೇ ಗೊತ್ತಾಗುತ್ತದೆ.

ಈಗಿನ ಅಡಚಣೆಗೆ ಬರೋಣ. ನಾಲ್ಕು ವರ್ಷದ ಪದವಿ ಬಂದಾಗ ಕೊನೆಯ ವರ್ಷವನ್ನು ಸಂಶೋಧನೆಗೆ ಇಡಬಹುದು ಎಂಬ ಆಸೆ ಹುಟ್ಟಿತ್ತು. 2024-25ರಿಂದ ನಮ್ಮ ರಾಜ್ಯ ಮೂರು ವರ್ಷಕ್ಕೆ ಮರಳಿತು. ಯಾವುದು ಸರಿ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ನಾಲ್ಕನೆಯ ವರ್ಷದ ಶುಲ್ಕ, ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಕೇಳಿದ ತಂದೆಯರನ್ನೂ ನಾನು ಕಂಡಿದ್ದೇನೆ. ಪರಿಣಾಮ ಇಷ್ಟು: ಯೋಜನೆಗೆ ಸಮಯ ಸಿಗುವುದು ಸಂಜೆ ನಾಲ್ಕರ ಮೇಲೆ. ಸಂಜೆ ನಾಲ್ಕರ ಮೇಲೆ ನಮ್ಮ ವಿದ್ಯಾರ್ಥಿಗಳ ಕಣ್ಣು ಗಡಿಯಾರದ ಮೇಲೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿದೆ, ಅದರಿಂದ ದೊಡ್ಡ ಉಪಕಾರವಾಗಿದೆ. ಆದರೆ ಟಿಕೆಟ್ ಉಚಿತವಾದರೆ ಕೊನೆಯ ಬಸ್ಸು ತಡವಾಗಿ ಹೊರಡುವುದಿಲ್ಲ. ಬಣ್ಣ ಬೆಳೆಯಲು ಬಿಟ್ಟ ದ್ರಾವಣ, ಕಾಯಿಸಲು ಇಟ್ಟ ಬೀಕರ್, ಎಲ್ಲವೂ ಬಸ್ಸಿನ ವೇಳಾಪಟ್ಟಿಯನ್ನು ಪಾಲಿಸಬೇಕು. ನಾವು ಕಂಡುಕೊಂಡ ಉಪಾಯ ಏನೂ ಘನವಾದದ್ದಲ್ಲ: ಬೆಳಗಿನ ಮೊದಲ ಬಸ್ಸು ಎಂಟಕ್ಕೇ ಬಂದುಬಿಡುತ್ತದೆ, ತರಗತಿ ಶುರುವಾಗುವುದು ಹತ್ತಕ್ಕೆ. ಆ ಎರಡು ಗಂಟೆ ಮಕ್ಕಳು ಗೇಟಿನ ಬಳಿ ಮರದ ಕೆಳಗೆ ಕಳೆಯುತ್ತಿದ್ದರು. ಪ್ರಯೋಗಶಾಲೆಯ ಬೀಗವನ್ನು ಅಟೆಂಡರ್ ಎಂಟಕ್ಕೇ ತೆಗೆಯುವಂತೆ ಮಾಡಿದೆವು, ಜೊತೆಗೆ ಕ್ಯಾಂಟೀನಿನಲ್ಲಿ ಒಂದು ತಟ್ಟೆ ಉಪ್ಪಿಟ್ಟು. ಉಪ್ಪಿಟ್ಟಿನ ದುಡ್ಡು ಯಾವ ಬಾಬ್ತಿನಿಂದ ಎಂದು ಲೆಕ್ಕ ಪರಿಶೋಧಕರು ಕೇಳಿದರು. ಯೋಜನೆಯ ಇತರೆ ವೆಚ್ಚ ಎಂದು ಬರೆದು, ಅವರ ಆಕ್ಷೇಪಣೆಯನ್ನು ಗೌರವದಿಂದ ಸ್ವೀಕರಿಸಿ, ಮೇಷ್ಟ್ರುಗಳೇ ಚಂದಾ ಹಾಕಿ ಕಟ್ಟಿದೆವು.

ಆಪ್ತಸಮಾಲೋಚನೆಯ ಬಗ್ಗೆಯೂ ಒಂದು ಮಾತು. ಅನೇಕ ಕಾಲೇಜುಗಳಲ್ಲಿ ಆ ಕೋಣೆ ಪ್ರಾಂಶುಪಾಲರ ಕೊಠಡಿಯ ಪಕ್ಕದಲ್ಲಿ, ದೊಡ್ಡ ಫಲಕದ ಕೆಳಗೆ ಇರುತ್ತದೆ. ಒಳಗೆ ಹೋದವರನ್ನು ಕಾರಿಡಾರಿನಲ್ಲಿ ನಿಂತ ನೂರು ಮಂದಿ ನೋಡುತ್ತಾರೆ. ಯಾರು ಹೋಗುತ್ತಾರೆ? ಗ್ರಂಥಾಲಯದ ಹಿಂದಿನ ಮೂಲೆಗೆ ಅದನ್ನು ಸಾಗಿಸಿ, ಪುಸ್ತಕ ತರಲು ಹೋದಂತೆ ಹೋಗಿ ಬರಲಿ. ರಾತ್ರಿ ಹೊತ್ತು ಮನಸ್ಸು ಕುಸಿದರೆ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಸೂಚನಾ ಫಲಕಕ್ಕಿಂತ ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸುವುದು ಮೇಲು. ಅಲ್ಲಿ ಓದಲು ಸಮಯವೂ ಇರುತ್ತದೆ, ಏಕಾಂತವೂ ಇರುತ್ತದೆ.

ವಿದ್ಯಾರ್ಥಿಗಳೇ, ನಿಮ್ಮನ್ನೂ ಬಿಡುವುದಿಲ್ಲ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹೋದ ವರ್ಷದ ಯೋಜನಾ ವರದಿ ಸ್ಪೈರಲ್ ಬೈಂಡಿಂಗ್ ಸಮೇತ ಸಿಗುತ್ತದೆ ಎಂಬುದು ನನಗೆ ಗೊತ್ತು. ಒಮ್ಮೆ ನನಗೆ ಸಲ್ಲಿಸಿದ ವರದಿಯ ಕೃತಜ್ಞತೆಯ ಪುಟದಲ್ಲಿ ಹಿಂದಿನ ವರ್ಷದ ಹುಡುಗನ ಅಜ್ಜಿಗೆ ವಂದನೆ ಹಾಗೇ ಉಳಿದಿತ್ತು. ಆ ಹುಡುಗನನ್ನು ಕರೆದು ಕೇಳಿದರೆ, 'ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲ ಸಾರ್' ಎಂದ. ಕನ್ನಡದಲ್ಲಿ ಬರೆ ಎಂದು ನಾನು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ, ತಪ್ಪು ನನ್ನದು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನೂರು ವರ್ಷಕ್ಕೂ ಹಿಂದೆಯೇ ಕನ್ನಡದಲ್ಲಿ ವಿಜ್ಞಾನದ ಮಾಸಪತ್ರಿಕೆ ನಡೆಸಿದ್ದರು. ಅವರಿಗೆ ಸಾಧ್ಯವಾದದ್ದು ಹತ್ತು ಪುಟದ ವರದಿಗೆ ಸಾಧ್ಯವಾಗದೇ? ಮುಂದಿನ ವರ್ಷದಿಂದ ಕನ್ನಡದ ವರದಿಗಳು ಬಂದವು. ಅಕ್ಷರದೋಷ ಹೆಚ್ಚಿದವು, ಅಜ್ಜಿಯರು ಮಾತ್ರ ಅವರವರದೇ ಆದರು.

ಬೇಸಿಗೆ ರಜೆಯಲ್ಲಿ ದೊಡ್ಡ ಪ್ರಯೋಗಶಾಲೆ ನೋಡಬೇಕೆನ್ನುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳೊಡನೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೆ ಅರ್ಜಿ ಹಾಕಿ. ಮಾಹಿತಿ ಪ್ರಾಧ್ಯಾಪಕರ ಬಳಿ ಇದೆ, ಅವರ ಬಳಿ ಇಲ್ಲದಿದ್ದರೆ ಗ್ರಂಥಪಾಲಕರ ಬಳಿ ಖಂಡಿತ ಇರುತ್ತದೆ.

ಆ ಹುಡುಗಿಯ ವಿಷಯ ಅರ್ಧಕ್ಕೆ ನಿಲ್ಲಿಸಿದೆ. ಹಳೆಯ ಖಾತೆಯ ಹಣ ಕೈಗೆ ಬಂತು, ಅವಳೂ ಬಂದಳು. ಅಂಕಿಗಳನ್ನು ತಾನೇ ಗ್ರಾಮ ಪಂಚಾಯಿತಿಗೆ ಒಯ್ದಳು. ಮೊದಲ ಸಲ ಅಲ್ಲಿ ಯಾರೂ ಓದಲಿಲ್ಲ. ಎರಡನೆಯ ಸಲ ನೀರಗಂಟಿಯನ್ನೂ ಕರೆದುಕೊಂಡು ಹೋಗಿ, ಎರಡು ಪರೀಕ್ಷಾ ನಳಿಕೆಗಳನ್ನು ಮೇಜಿನ ಮೇಲಿಟ್ಟಳಂತೆ: ಒಂದು ಕೆಂಪು, ಒಂದು ತಿಳಿ.

ಗಂಟೆ ಐದು ದಾಟಿತು. ಹಿಂದಿನ ಸಾಲಿನಲ್ಲಿ ಚೀಲ ಹೆಗಲಿಗೇರುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಬಸ್ಸಿನವರು ಧಾರಾಳವಾಗಿ ಎದ್ದು ಹೋಗಿ, ನನಗೇನೂ ಬೇಸರವಿಲ್ಲ. ಸೋಮವಾರ ಬರುವಾಗ ಒಂದು ಬಾಟಲಿ ನೀರು ತನ್ನಿ. ಗಾಜಿನದು ಬೇಡ.