ಆಕಾಶಕ್ಕೆ ಬೇಲಿ ಹಾಕಿದ ರಾಜ್ಯಗಳು

[ದೃಶ್ಯ: ನೀಲಿ ಆಕಾಶ, ವಿಮಾನದ ಹಿಂದೆ ಉದ್ದನೆಯ ಬಿಳಿ ಗೆರೆ]

ಈ ಗೆರೆಯನ್ನು ನೀವೂ ನೋಡಿರುತ್ತೀರಿ. ಎಂಜಿನ್ನಿನಿಂದ ಹೊರಬಿದ್ದ ನೀರಾವಿ ಮೇಲಿನ ಕೊರೆಯುವ ಚಳಿಗೆ ಹೆಪ್ಪುಗಟ್ಟಿ ಸಣ್ಣ ಸಣ್ಣ ಹರಳಾಗುತ್ತದೆ. ಗಾಳಿ ಒಣಗಿದ್ದರೆ ಗೆರೆ ಬೇಗನೆ ಮಾಯ. ತೇವವಿದ್ದರೆ ಗಂಟೆಗಟ್ಟಲೆ ಹರಡಿಕೊಂಡು ನಿಲ್ಲುತ್ತದೆ. ಇಷ್ಟೇ ವಿಷಯ. ಆದರೆ ಇದು ಸರ್ಕಾರ ಗುಟ್ಟಾಗಿ ಸಿಂಪಡಿಸುವ ರಾಸಾಯನಿಕ ಎಂದು ನಂಬುವವರು ಅಮೆರಿಕದಲ್ಲಿ ಬಹಳ ಮಂದಿ ಇದ್ದಾರೆ. ಆ ಗುಮಾನಿ ಈಗ ಶಾಸನಸಭೆಯ ಮೆಟ್ಟಿಲೇರಿದೆ.

2024ರಲ್ಲಿ ಟೆನೆಸೀ ರಾಜ್ಯ ಒಂದು ಕಾಯ್ದೆ ತಂದಿತು. ತಾಪಮಾನ, ಹವಾಮಾನ ಅಥವಾ ಬಿಸಿಲಿನ ತೀವ್ರತೆಯನ್ನು ಬದಲಿಸುವ ಉದ್ದೇಶದಿಂದ ರಾಜ್ಯದ ಗಡಿಯೊಳಗೆ ಗಾಳಿಗೆ ಯಾವ ವಸ್ತುವನ್ನೂ ಬಿಡುವಂತಿಲ್ಲ. ಚರ್ಚೆಯ ವೇಳೆ ಡೆಮಾಕ್ರಟಿಕ್ ಪಕ್ಷದ ಸದಸ್ಯರೊಬ್ಬರು, ಕಾಡಿನಲ್ಲಿ ಅಲೆಯುತ್ತದೆ ಎನ್ನಲಾಗುವ ದೈತ್ಯ ‘ಬಿಗ್‌ಫುಟ್’ಗೂ ರಕ್ಷಣೆ ಕೊಡೋಣ ಎಂದು ತಿದ್ದುಪಡಿ ತಂದು ಗೇಲಿ ಮಾಡಿದರು. ಮಸೂದೆ ಮಾತ್ರ ಪಾಸಾಯಿತು. ಮರುವರ್ಷ ಫ್ಲಾರಿಡಾ ಇನ್ನಷ್ಟು ಬಿಗಿ ಮಾಡಿತು: 5 ವರ್ಷದವರೆಗೆ ಜೈಲು, 1 ಲಕ್ಷ ಡಾಲರ್‌ವರೆಗೆ ದಂಡ.

[ದೃಶ್ಯ: ಪಿನಟುಬೊ ಜ್ವಾಲಾಮುಖಿಯ ಬೂದಿಯ ಕಂಬ]

ಹಾಗೆಂದು ಬಿಸಿಲು ತಗ್ಗಿಸುವ ಮಾತು ಪೂರಾ ಕಟ್ಟುಕಥೆಯಲ್ಲ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟುಬೊ ಸಿಡಿದಾಗ ಗಂಧಕದ ಅನಿಲ ವಾಯುಮಂಡಲದ ಮೇಲ್ಪದರಕ್ಕೆ ಚಿಮ್ಮಿತು. ಮೂರೇ ವಾರಗಳಲ್ಲಿ ಅದರ ಮಬ್ಬು ಭೂಮಿಗೆ ಒಂದು ಸುತ್ತು ಹಾಕಿತು. ಮಬ್ಬು ಬಿಸಿಲನ್ನು ತಡೆದದ್ದರಿಂದ ಜಗತ್ತಿನ ಸರಾಸರಿ ತಾಪಮಾನ ಸುಮಾರು ಅರ್ಧ ಡಿಗ್ರಿ ಇಳಿಯಿತು. ಇದನ್ನೇ ವಿಮಾನದಿಂದ ಮಾಡಬಹುದೇ ಎಂಬುದು ವಿಜ್ಞಾನಿಗಳ ಲೆಕ್ಕಾಚಾರ. 2022ರಲ್ಲಿ ಪುಟ್ಟ ಕಂಪನಿಯೊಂದು ಯಾರನ್ನೂ ಕೇಳದೆ ಮೆಕ್ಸಿಕೊದಲ್ಲಿ ಗಂಧಕದ ಬಲೂನುಗಳನ್ನು ಹಾರಿಸಿತು. ಮೆಕ್ಸಿಕೊ ಸರ್ಕಾರ ಕೆರಳಿ, ಇಂಥ ಪ್ರಯೋಗಗಳನ್ನೇ ನಿಷೇಧಿಸುವುದಾಗಿ ಸಾರಿತು. ನನಗೆ ಆ ಸಿಟ್ಟು ಅರ್ಥವಾಗುತ್ತದೆ. ಎಲ್ಲೋ ಬಿಸಿಲು ತಗ್ಗಿಸಲು ಹೋಗಿ ಇನ್ನೆಲ್ಲೋ ಮಳೆ ಕೈಕೊಟ್ಟರೆ ಹೊಣೆ ಯಾರದು? ಆದರೆ ಮೂರು ವಾರಗಳಲ್ಲಿ ಭೂಮಿ ಸುತ್ತುವ ಮಬ್ಬಿಗೆ ಟೆನೆಸೀಯ ಗಡಿ ಯಾವ ಲೆಕ್ಕ?

[ದೃಶ್ಯ: ಮೋಡದೊಳಗೆ ನುಗ್ಗುವ ಪುಟ್ಟ ವಿಮಾನ]

ಕಾಯ್ದೆಯಲ್ಲಿರುವ ‘ಹವಾಮಾನ’ ಎಂಬ ಒಂದು ಪದ ಮೋಡ ಬಿತ್ತನೆಯನ್ನೂ, ಅಂದರೆ ಮಳೆ ಬರಿಸಲು ಮೋಡಕ್ಕೆ ರಾಸಾಯನಿಕ ಸಿಂಪಡಿಸುವುದನ್ನೂ, ಬಲೆಗೆ ಕೆಡವಿತು. ಫ್ಲಾರಿಡಾದಲ್ಲಿ ಮೊದಲು ಪರವಾನಗಿ ಪಡೆದು ಅದನ್ನು ಮಾಡಬಹುದಿತ್ತು; ಈಗ ಆ ಬಾಗಿಲೂ ಮುಚ್ಚಿದೆ. 2017ರಲ್ಲಿ ನಮ್ಮದೇ ಸರ್ಕಾರ ಬೆಂಗಳೂರಿನ ಜಕ್ಕೂರಿನಿಂದ ಮೋಡ ಬಿತ್ತನೆಯ ‘ವರ್ಷಧಾರಿ’ ವಿಮಾನಕ್ಕೆ ಚಾಲನೆ ಕೊಟ್ಟಿತ್ತು, ಸಚಿವರ ಸಮ್ಮುಖದಲ್ಲಿ, ಕ್ಯಾಮೆರಾಗಳ ಮುಂದೆ. ಅದೇ ವಿಮಾನ ಇಂದು ಫ್ಲಾರಿಡಾದಲ್ಲಿ ಅದೇ ಕೆಲಸಕ್ಕೆ ಹಾರಿದರೆ ಪೈಲಟ್ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಬೇಕಾದೀತು.