ಟಿಕ್ ಅಂದಾಗ ನಾಯಿಗೆ ಏನು ತಿಳಿಯುತ್ತದೆ?

(ಧಾರವಾಡದಲ್ಲಿ ನಾಯಿ ಸಾಕುವವರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ರವಿವಾರ ಬೆಳಗ್ಗೆ ಇಷ್ಟು ಜನ ಬಂದಿದ್ದೀರಿ, ಕೆಲವರು ನಾಯಿಯನ್ನೂ ಕರೆತಂದಿದ್ದೀರಿ. ಅವು ಒಂದಕ್ಕೊಂದು ಗುರ್ ಅನ್ನದಷ್ಟು ದೂರ ಕೂತರೆ ಸಾಕು.

ನನ್ನ ಕೈಯಲ್ಲಿರುವುದೇ ಕ್ಲಿಕ್ಕರ್. ಸಣ್ಣ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಲೋಹದ ಪಟ್ಟಿ. ಒತ್ತಿದರೆ ಟಿಕ್ ಅನ್ನುತ್ತದೆ, ಅಷ್ಟೇ. ಜಾತ್ರೆಯಲ್ಲಿ ಸಿಗುತ್ತಿದ್ದ ತಗಡಿನ ಕಪ್ಪೆ ನೆನಪಿದೆ ಅಲ್ವಾ? ಅದರ ತಮ್ಮ ಇದು. ಬಹಳ ಜನ ಇದನ್ನು ರಿಮೋಟ್ ಅಂದುಕೊಂಡಿರುತ್ತಾರೆ. ಒತ್ತಿದರೆ ನಾಯಿ ಓಡಿ ಬರುತ್ತದೆ ಅಂತ. ಬರಲ್ಲ. ನಾಯಿ ಸರಿಯಾದ ಕೆಲಸ ಮಾಡಿದ ಆ ಕ್ಷಣಕ್ಕೆ ನಾವು ಹಾಕುವ ಗುರುತು ಈ ಟಿಕ್.

ಮೊದಮೊದಲು ಆ ಶಬ್ದಕ್ಕೆ ಯಾವ ಅರ್ಥವೂ ಇರುವುದಿಲ್ಲ. ನಾವೇ ತುಂಬಬೇಕು. ಟಿಕ್ ಅನಿಸಿ, ಹಿಂದೆಯೇ ಒಂದು ತುಣುಕು ಬೇಯಿಸಿದ ಕೋಳಿ ಕೊಡಿ. ಮತ್ತೆ ಟಿಕ್, ಮತ್ತೆ ತುಣುಕು. ಹತ್ತು ಹದಿನೈದು ಸಲ ಆಗುವಷ್ಟರಲ್ಲಿ, ಟಿಕ್ ಅಂದ ಕೂಡಲೇ ನಾಯಿ ಕಿವಿ ನಿಮಿರಿಸಿ ನಿಮ್ಮ ಕಡೆ ತಿರುಗುತ್ತದೆ. ಇದರ ಬೇರು ರಷ್ಯಾದ ಪಾವ್ಲೋವ್ ಅವರ ಪ್ರಯೋಗಗಳಲ್ಲಿದೆ. ಶಬ್ದ ಕೇಳಿದರೇ ಜೊಲ್ಲು ಸುರಿಸುವ ನಾಯಿಗಳಿಂದ ಅವರ ಹೆಸರು ಮನೆಮಾತಾಯಿತು. 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಮಾತ್ರ ಜೀರ್ಣಕ್ರಿಯೆಯ ಕೆಲಸಕ್ಕೆ.

ನಾಯಿಗೆ ಕಲಿಸಲು ಇಂಥ ಆಟಿಕೆ ಸಾಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1951ರಲ್ಲೇ ಬರೆದರು. ಅವರ ಶಿಷ್ಯರಾದ ಬ್ರೆಲೆಂಡ್ ದಂಪತಿ ಅದಕ್ಕೂ ಮೊದಲೇ ಪ್ರಾಣಿಗಳಿಗೆ ಕಲಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದರು. ಆದರೂ ನಾಯಿ ಸಾಕುವವರ ಕೈಗೆ ಇದು ಬಂದದ್ದು ತೊಂಬತ್ತರ ದಶಕದಲ್ಲಿ, ಡಾಲ್ಫಿನ್‌ಗಳ ದೆಸೆಯಿಂದ! 1960ರ ದಶಕದಲ್ಲಿ ಹವಾಯಿಯಲ್ಲಿ ಕ್ಯಾರನ್ ಪ್ರಯರ್ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದರು. ನೀರಿನಿಂದ ಮೇಲೆ ಹಾರಿದ ಡಾಲ್ಫಿನ್ ಬಾಯಿಗೆ ಗಾಳಿಯಲ್ಲೇ ಮೀನು ಇಡಲು ಆಗುತ್ತದೆಯೇ? ಆಗಲ್ಲ. ಹಾರಿದಾಗ ಸೀಟಿ ಊದಬೇಕು, ಮೀನು ಆಮೇಲೆ. ಸೀಟಿಯ ಜಾಗಕ್ಕೆ ಟಿಕ್ ಬಂತು, ಲೆಕ್ಕ ಅದೇ ಉಳಿಯಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಧಾರವಾಡದವರಿಗೆ ಇದನ್ನು ತಿಳಿಸುವುದು ಸುಲಭ. ಗಾಯಕರು ತಾನ್ ಹೊಡೆದು ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂತಾಗ ನೀವು 'ವಾಹ್' ಅನ್ನುತ್ತೀರಿ. ಎರಡು ಮಾತ್ರೆ ತಡವಾಗಿ ಅಂದರೆ ಪಕ್ಕದವರು ತಿರುಗಿ ನೋಡುತ್ತಾರೆ. ಟಿಕ್ ಕೂಡ ಹಾಗೇ, ಸಮ್ ಮೇಲೇ ಬೀಳಬೇಕು. ಕೂಡುವುದನ್ನು ಕಲಿಸುತ್ತಿದ್ದೀರಿ ಅನ್ನಿ. ಕುಂಡಿ ನೆಲ ಮುಟ್ಟಿದಾಗ ಟಿಕ್ ಆಗಬೇಕು. ನೀವು ತಡಮಾಡಿದರೆ ಅಷ್ಟರಲ್ಲಿ ಅದು ಎದ್ದಿರುತ್ತದೆ. ಆಗ ಟಿಕ್ ಬಿದ್ದದ್ದು ಏಳುವುದಕ್ಕೆ! ನಾಯಿ ದಡ್ಡ ಅಂತ ಬೈಯುತ್ತೀರಿ. ಅದು ಪಾಪ, ನೀವು ಕಲಿಸಿದ್ದನ್ನೇ ಕಲಿತಿರುತ್ತದೆ.

ಇನ್ನೊಂದು, ಕೈ. ಟಿಕ್‌ಗಿಂತ ಮೊದಲೇ ಕೈ ಜೇಬಿಗೆ ಹೋದರೆ ನಾಯಿ ಜೇಬನ್ನೇ ನೋಡುತ್ತದೆ, ಟಿಕ್ ಅದರ ಕಿವಿಗೆ ಹೋಗುವುದೇ ಇಲ್ಲ. ಕೈ ಸುಮ್ನೆ ಇರಲಿ. ಟಿಕ್ ಆಗಲಿ. ಆಮೇಲೆ ಕೈ ಆಡಲಿ. ತಪ್ಪಿ ಒತ್ತಿಬಿಟ್ಟರೂ ತುಣುಕು ಕೊಡಲೇಬೇಕು. ಆ ಶಬ್ದದ ಮೇಲಿನ ನಂಬಿಕೆ ಕೆಟ್ಟರೆ ಕೈಯಲ್ಲಿ ಬರೀ ಡಬ್ಬಿ ಉಳಿಯುತ್ತದೆ.

ಒಂದು ಪಾಠವನ್ನು ಬಿಡಿಸಿ ಹೇಳುತ್ತೇನೆ. ಮನೆಯಲ್ಲಿ ಹಳೇ ಕೌದಿ ಇರುತ್ತದಲ್ಲ, ಅದನ್ನು ಮಡಚಿ ಪಡಸಾಲೆಯ ಮೂಲೆಗೆ ಹಾಸಿ. ಬಂದವರ ಮೈಮೇಲೆ ಹಾರುವ ನಾಯಿ ಅಲ್ಲಿ ಹೋಗಿ ಮಲಗಬೇಕು, ಅದು ನಮ್ಮ ಗುರಿ. ಎಳೆಯಬೇಡಿ, ನೂಕಬೇಡಿ, ಏನೂ ಹೇಳಬೇಡಿ. ಕುರ್ಚಿಯಲ್ಲಿ ಕೂತು ನೋಡಿ. ನಾಯಿ ಕೌದಿಯ ಕಡೆ ಕತ್ತು ತಿರುಗಿಸಿತು, ಟಿಕ್. ಒಂದು ಹೆಜ್ಜೆ ಇಟ್ಟಿತು, ಟಿಕ್. ಮೂಸಿತು, ಟಿಕ್. ಮುಂದಿನ ಒಂದು ಕಾಲು ಕೌದಿ ಮೇಲೆ ಬಂತು, ಟಿಕ್. ಇನ್ನು ಬರೀ ನೋಡಿದ್ದಕ್ಕೆ ಟಿಕ್ ಇಲ್ಲ, ಕಾಲಿಟ್ಟರೆ ಮಾತ್ರ. ಆಮೇಲೆ ನಾಲ್ಕೂ ಕಾಲು. ಆಮೇಲೆ ಕೂಡುವುದು, ಮಲಗುವುದು. ನಡುವೆ ನಾಯಿ ನಿಂತು ನಿಮ್ಮ ಮುಖ ನೋಡುತ್ತದೆ. ಬೇಕೆಂದೇ ಒಂದು ಕಾಲು ಕೌದಿಗೆ ಇಟ್ಟು 'ಇದಕ್ಕಾ?' ಅನ್ನುವಂತೆ ಮತ್ತೆ ನೋಡುತ್ತದೆ. ನನಗೆ ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ಏಟು ತಿಂದು ಕಲಿತ ನಾಯಿ ಹೀಗೆ ತಾನಾಗಿ ಕೇಳಲು ಹೆದರುತ್ತದೆ. ಮಲಗುವುದು ಪಕ್ಕಾ ಆದ ಮೇಲೆ 'ಕೌದಿ' ಅಂತ ಹೆಸರಿಡಿ. ಹೆಸರು ಕೊನೆಗೆ ಬರಬೇಕು. ನಾವು ಮಾಡುವುದು ಉಲ್ಟಾ. ಗೊತ್ತಿಲ್ಲದ ನಾಯಿಗೆ 'ಸಿಟ್, ಸಿಟ್, ಸಿಟ್' ಅಂತ ಮಂತ್ರ ಹೇಳುತ್ತಾ ನಿಲ್ಲುತ್ತೇವೆ.

ಒಂದು ಪಾಠಕ್ಕೆ ಐದು ನಿಮಿಷ ಬೇಕಾದಷ್ಟಾಯಿತು. ತುಣುಕು ಬಟಾಣಿ ಕಾಳಿನಷ್ಟಿರಲಿ. ಕೋಳಿ, ಮೊಟ್ಟೆ, ಪನೀರ್, ಹಸಿದಿದ್ದರೆ ರೊಟ್ಟಿ ಚೂರೂ ನಡೆಯುತ್ತದೆ. ಅಷ್ಟು ಊಟ ದಿನದ ಲೆಕ್ಕದಲ್ಲಿ ಕಡಿಮೆ ಮಾಡಿ, ಇಲ್ಲವಾದರೆ ನಾಯಿ ಡ್ರಮ್ ಆಗುತ್ತದೆ. ಗಿರಮಿಟ್ ಬೇಡ, ಉಳ್ಳಾಗಡ್ಡಿ ನಾಯಿಯ ರಕ್ತಕಣ ಕೆಡಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಪೇಢೆ ನಮಗಿರಲಿ.

'ಸರ್, ನಮ್ಮದು ಮುಧೋಳ, ಅದು ಹೇಳಿದ ಮಾತು ಕೇಳಲ್ಲ' ಅನ್ನುವವರು ನಮ್ಮ ಕಡೆ ಜಾಸ್ತಿ. ಕಣ್ಣಿನಿಂದ ಬೇಟೆ ಹಿಡಿದು ಓಡುವ ತಳಿ ಅದು. ಅದಕ್ಕೆ ಕೋಳಿ ತುಣುಕಿಗಿಂತ ಓಟವೇ ದೊಡ್ಡ ಬಹುಮಾನ ಇರಬಹುದು. ಕರೆದಾಗ ನಿಮ್ಮ ಕಡೆ ತಿರುಗಿತಾ? ಟಿಕ್ ಅನಿಸಿ, ಹಗ್ಗಕ್ಕೆ ಕಟ್ಟಿದ ಬಟ್ಟೆ ಬೀಸಿ ಓಡಿಸಿ. ಬಹುಮಾನ ಯಾವುದು ಅನ್ನುವುದನ್ನು ತೀರ್ಮಾನಿಸುವುದು ನಾಯಿ.

ಹಾಗಾದರೆ ಡಬ್ಬಿ ಇಲ್ಲದೆ ಆಗಲ್ವಾ? ಆಗುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಯಿಗಳಿಗೆ ಬ್ರೆಡ್ ಡಬ್ಬಿ ತೆರೆಯಲು ಕಲಿಸಿದರು. ಕೆಲವಕ್ಕೆ ಕ್ಲಿಕ್ಕರ್, ಕೆಲವಕ್ಕೆ 'ಬ್ರಾವೋ' ಅನ್ನುವ ಮಾತು, ಕೆಲವಕ್ಕೆ ಬರೀ ತಿಂಡಿ. ಕಲಿಕೆಯಲ್ಲಿ ಗುರುತಿಸುವಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ನಾನು ಡಬ್ಬಿಯನ್ನೇ ಹಿಡಿಯುತ್ತೇನೆ. ನನ್ನ ದನಿಯಲ್ಲಿ ಸಿಟ್ಟು, ದಣಿವು, ನೆಗಡಿ ಎಲ್ಲ ಬೆರೆಯುತ್ತದೆ. ಟಿಕ್ ಯಾವತ್ತೂ ಒಂದೇ ಥರ. ಪಾಠ ಗಟ್ಟಿಯಾದ ಮೇಲೆ ಅದನ್ನೂ ಬಿಡಬಹುದು, ಹೊಗಳಿಕೆ ಮತ್ತು ಆಗಾಗ ಒಂದು ತುಣುಕು ಸಾಕು.

ಶಬ್ದಕ್ಕೆ ಬೆಚ್ಚುವ ನಾಯಿಯಾದರೆ ಡಬ್ಬಿಗೆ ಬಟ್ಟೆ ಸುತ್ತಿ, ಅಥವಾ ಬಾಲ್ ಪೆನ್ನಿನ ಟಿಕ್ ಬಳಸಿ. ಕಚ್ಚುವ ನಾಯಿ ಇದ್ದರೆ ಇದನ್ನು ನಂಬಿ ಒಬ್ಬರೇ ಇಳಿಯಬೇಡಿ. ಮೊದಲು ಪಶುವೈದ್ಯರಿಗೆ ತೋರಿಸಿ, ಎಷ್ಟೋ ಸಲ ಕಿವಿನೋವು, ಕೀಲುನೋವು ಇರುತ್ತದೆ.

ಇವತ್ತು ಮನೆಗೆ ಹೋಗಿ ನಾಯಿಯನ್ನು ಕರೆಯಬೇಡಿ. ಅದು ಕೇಳಿಸಿಕೊಳ್ಳದಷ್ಟು ದೂರದಲ್ಲಿ ಮಗನ ಕೈಗೆ ಟೆನಿಸ್ ಬಾಲ್ ಕೊಡಿ. ಬಾಲ್ ನೆಲಕ್ಕೆ ತಾಕಿದಾಗಲೆಲ್ಲ ನೀವು ಟಿಕ್ ಅನಿಸಿ. ಮಗ ಸುಮ್ನೆ ಕೈ ಆಡಿಸಿ ಮೋಸ ಮಾಡಲಿ, ಅದಕ್ಕೆ ಒತ್ತಬಾರದು. ಎಷ್ಟು ತಪ್ಪಿತು ಅಂತ ಅವನೇ ಎಣಿಸಲಿ, ಮಕ್ಕಳು ಇಂಥ ಲೆಕ್ಕ ಬಿಡುವುದಿಲ್ಲ.