ಗುಳೆ ಹೋದರೆ ಮಾತ್ರೆ ಎಲ್ಲಿ?

ಕೇಳುಗರಿಗೆ ನಮಸ್ಕಾರ. ರಾಯಚೂರು, ಕೊಪ್ಪಳ ಕಡೆಯ ಆಶಾ ಕಾರ್ಯಕರ್ತೆಯರು ಊಟ ಮುಗಿಸಿ ರೇಡಿಯೋ ಹಚ್ಚಿ ಕುಳಿತಿದ್ದೀರಿ ಎಂದುಕೊಂಡು ಮಾತನಾಡುತ್ತೇನೆ. ಪ್ರಮಾಣಪತ್ರಕ್ಕೆ ಸಹಿ ಹಾಕುವ ಅಧಿಕಾರಿಗಳೂ ಕೇಳಿಸಿಕೊಂಡರೆ ಸಂತೋಷ.

ಎಚ್‌ಐವಿ ಸೋಂಕಿತರ ಆರೈಕೆಗೆ ಜನರನ್ನು ತಯಾರು ಮಾಡುವುದು ನನ್ನ ಕೆಲಸ. ಹೇಳಬೇಕಾದದ್ದು ಒಂದೇ. ತರಬೇತಿ ಪಡೆದವರು ರೋಗಿಯ ಮುಂದೆ ಕುಳಿತು ಮಾತನಾಡುವುದನ್ನು ಕಣ್ಣಾರೆ ನೋಡದೆ ಪ್ರಮಾಣಪತ್ರ ಕೊಡಬೇಡಿ.

ಕೊಪ್ಪಳ ಜಿಲ್ಲೆಯ ಒಂದು ಊರಿನಲ್ಲಿ ನಡೆದದ್ದು. ಲಿಖಿತ ಪರೀಕ್ಷೆ ಮುಗಿದಿತ್ತು. 100ಕ್ಕೆ 94 ಪಡೆದ ಆಪ್ತಸಮಾಲೋಚಕ ಹುಡುಗನನ್ನು ಕರೆದೆ. ನಾನೇ ತಲೆಗೆ ರುಮಾಲು ಸುತ್ತಿಕೊಂಡು ರೋಗಿಯಾದೆ: ಸೋಂಕು ಪತ್ತೆಯಾಗಿ ವಾರವಷ್ಟೇ ಆಗಿರುವ, ಮಳೆ ನಂಬಿದ ರೈತ. ಹುಡುಗ ಶುರು ಮಾಡಿದ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್, ಮೂರೂ ಸೇರಿದ ಒಂದು ಮಾತ್ರೆ, ದಿನಕ್ಕೊಮ್ಮೆ, ಜೀವನಪೂರ್ತಿ. ಒಂದಕ್ಷರ ತಪ್ಪಲಿಲ್ಲ. ಬಾಗಿಲು ಮಾತ್ರ ಹಾರು ಹೊಡೆದಿತ್ತು. ಚಹಾ ತಂದವನು ತಟ್ಟೆ ಹಿಡಿದು ಅಲ್ಲೇ ನಿಂತು ಕೇಳುತ್ತಿದ್ದ.

"ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುತ್ತೇನೆ ಸರ್, ಅಲ್ಲಿ ಮಾತ್ರೆ?" ಎಂದು ಕೇಳಿದೆ. ಹುಡುಗ ಪುಸ್ತಕ ತಿರುವಿ ಹಾಕಿದ. ಕೊನೆಗೆ, "ಗುಳೆ ಹೋಗಬಾರದು" ಎಂದ! ಹೋಗದಿದ್ದರೆ ಉಣ್ಣುವುದೇನನ್ನು?

ಆಮೇಲೆ 51 ಅಂಕದ ಆಶಾ ಕಾರ್ಯಕರ್ತೆಯೊಬ್ಬರು ಬಂದರು. ಮೊದಲು ಬಾಗಿಲು ಮುಚ್ಚಿದರು. ಮೇಜಿನಾಚೆಯ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. "ಊಟ ಆಯಿತೇನಣ್ಣಾ? ಮನೆಯಲ್ಲಿ ಯಾರಿಗೆ ಹೇಳಿದ್ದೀರಿ?" ಗುಳೆಯ ಮಾತು ಬಂದಾಗ, "ಹೊರಡುವ ಮೊದಲು ಈ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಬನ್ನಿ, ವರ್ಗಾವಣೆ ಚೀಟಿ ಬರೆಸೋಣ. ಅಲ್ಲಿನ ಕೇಂದ್ರದಲ್ಲೂ ಪುಕ್ಕಟೆ ಸಿಗುತ್ತದೆ. ಡಬ್ಬಿಯೊಳಗೆ ಚೂರು ಅರಳೆ ತುರುಕಿ, ಬಸ್ಸಿನಲ್ಲಿ ಗಲಗಲ ಎನ್ನುವುದಿಲ್ಲ" ಎಂದರು. ಆ ಅರಳೆಯ ಉಪಾಯ ಇಷ್ಟು ವರ್ಷ ಪಾಠ ಮಾಡಿದ ನನಗೇ ಹೊಳೆದಿರಲಿಲ್ಲ.

ತೇರ್ಗಡೆಗೆ 60 ಬೇಕಿತ್ತು. ಪ್ರಮಾಣಪತ್ರ ಯಾರ ಕೈಗೆ ಹೋಯಿತೆಂದು ಬೇರೆ ಹೇಳಬೇಕೇ?

ತೆರೆದ ಬಾಗಿಲನ್ನು ಸಣ್ಣ ತಪ್ಪೆಂದು ನಗಬೇಡಿ. ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ವಿಷಯ ಹೊರಗೆ ಹೋಗಬಾರದೆಂದು 2017ರ ಕಾಯ್ದೆಯೇ ಇದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಹುಡುಗ ಅದರ ಪ್ರಶ್ನೆಗೂ ಪೂರ್ಣ ಅಂಕ ಪಡೆದಿದ್ದ.

ಹೀಗೆ ಒಬ್ಬೊಬ್ಬರನ್ನೇ ನೋಡಲು ಅನುದಾನವಿಲ್ಲ ಎನ್ನುತ್ತಾರೆ. ಎರಡು ಕುರ್ಚಿ, ಹತ್ತು ನಿಮಿಷ. ಇದಕ್ಕೆ ಯಾವ ಅನುದಾನ ಸ್ವಾಮಿ?

ಸೋಂಕಿತರಿಗೆ ಬಳಸಿದ ಸೂಜಿ ಕೈತಪ್ಪಿ ಚುಚ್ಚಿಕೊಂಡ ಸಿಬ್ಬಂದಿಯ ವಿಷಯ ವಿವರವಾಗಿ ಹೇಳಬೇಕೆಂದಿದ್ದೆ, ಸಮಯ ಮುಗಿಯುತ್ತಾ ಬಂತು. ಗಾಯ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆಯಿರಿ. ಸೋಂಕು ತಗಲದಂತೆ ತಡೆಯುವ ಔಷಧ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭವಾಗಬೇಕು. 28 ದಿನ ತಪ್ಪದೆ ನುಂಗಬೇಕು. ಅಧಿಕಾರಿಗಳೇ, ಇದನ್ನೂ ಬಾಯಿಪಾಠ ಒಪ್ಪಿಸಿಕೊಳ್ಳಬೇಡಿ. ನಲ್ಲಿಯ ಹತ್ತಿರ ನಿಲ್ಲಿಸಿ, ಮಾಡಿಸಿ ನೋಡಿ. ಸಹಿ ಆಮೇಲೆ.

ಸಂದೇಹವಿದ್ದವರು ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ. ನಮಸ್ಕಾರ.